ಕ್ರಿಸ್ಮಸ್ ಎಂಬ ಮಾತಿನೊಳಗೆ



ಕೆಲವು ವರ್ಷಗಳ ಹಿಂದಿನ ಮಾತು. ಆಗಮನ ಕಾಲದ ಕೊನೆಯ ಭಾನುವಾರ. ನಮ್ಮ ಧರ್ಮಕೇಂದ್ರದ ಯುವಕರು ರಾತ್ರಿಯೆಲ್ಲ ನಿದ್ದೆಗೆಟ್ಟು ದೇವಾಲಯದ ಹೆಬ್ಬಾಗಿಲಿಗೆ ದೊಡ್ಡದೊಂದು ಬ್ಯಾನರ್ ಕಟ್ಟಿದ್ದರು. ಅದರ ಮೇಲೆ ಇಂಗ್ಲಿಷಿನಲ್ಲಿ 'ಹ್ಯಾಪಿ ಎಕ್ಸ್‌ಮಸ್' ಎಂದು ಬರೆದಿತ್ತು. ಅದನ್ನು ಕಂಡು ನನಗೆ ಸಿಟ್ಟು ಬಂತು. ಪ್ರಬೋಧನೆಯ ನಡುವೆ, "ಹಬ್ಬದಿಂದ ಕ್ರಿಸ್ತರನ್ನೇ ತೆಗೆದುಹಾಕಿ ಆ ಜಾಗದಲ್ಲಿ ಅಡ್ಡಗೆರೆ ಎಳೆದಿದ್ದೀರಲ್ಲ! ತಪ್ಪು ಲೆಕ್ಕಕ್ಕೆ ಮೇಷ್ಟ್ರು ಹಾಕುವ ಗುರುತು ಅದು" ಎಂದು ಎಲ್ಲರ ಮುಂದೆ ಗದರಿದೆ. ಪೂಜೆ ಮುಗಿಯುವಷ್ಟರಲ್ಲಿ ಬ್ಯಾನರ್ ಕೆಳಗಿಳಿದಿತ್ತು. ಹುಡುಗರು ತಲೆ ತಗ್ಗಿಸಿ ಮನೆಗೆ ಹೋದರು.

ಆಮೇಲೆ ನಿವೃತ್ತ ಇಂಗ್ಲಿಷ್ ಶಿಕ್ಷಕಿಯೊಬ್ಬರು ಪೂಜಾವಸ್ತ್ರಗಳ ಕೋಣೆಯ ಬಾಗಿಲಿಗೆ ಬಂದು ನಿಂತರು. "ಸ್ವಾಮಿ, ತಪ್ಪು ತಿಳಿಯಬೇಡಿ. ಈಗ ನೀವು ತೊಟ್ಟಿರುವ ಪೂಜಾವಸ್ತ್ರದ ಬೆನ್ನ ಮೇಲೆ ಏನಿದೆ, ಒಮ್ಮೆ ನೋಡಿ" ಎಂದರು. ವಸ್ತ್ರ ತೆಗೆದು ನೋಡಿದೆ. ಚಿನ್ನದ ನೂಲಿನಲ್ಲಿ ಕಸೂತಿ ಮಾಡಿದ್ದ ದೊಡ್ಡ ಎಕ್ಸ್ ಅಕ್ಷರ, ಅದರ ನಡುವೆ ನಿಂತ ಪಿ ಅಕ್ಷರ. ಗುರುಮಠದಲ್ಲಿ ಗ್ರೀಕ್ ಕಲಿತವನು ನಾನು. ಆ ಕ್ಷಣ ನಾಚಿಕೆಯಿಂದ ಮಾತೇ ಹೊರಡಲಿಲ್ಲ.

ಅಂದಿನಿಂದ ಪ್ರತಿ ಆಗಮನ ಕಾಲದಲ್ಲೂ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಈ ಹಬ್ಬಕ್ಕಾಗಿ ನಾವು ಇಂಗ್ಲಿಷಿನಿಂದ ಎರವಲು ಪಡೆದ ಮಾತುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತೇನೆ. ಕಾರ್ಡಿನ ಮೇಲೆ, ಕೇಕಿನ ಮೇಲೆ, ಮೊಬೈಲಿನಲ್ಲಿ ನಾವು ದಿನವೂ ಆಡುವ ಈ ಮಾತುಗಳೊಳಗೆ ಯಾರಿದ್ದಾರೆ? ಈ ವರ್ಷ ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿತು.

ಎಕ್ಸ್ ಅಕ್ಷರದ ಗುಟ್ಟು

ಶುಭಸಂದೇಶಗಳನ್ನು ಬರೆದದ್ದು ಗ್ರೀಕ್ ಭಾಷೆಯಲ್ಲಿ. ಆ ಭಾಷೆಯಲ್ಲಿ 'ಕ್ರಿಸ್ತೋಸ್' ಎಂಬ ಪದದ ಮೊದಲ ಅಕ್ಷರ 'ಖೀ'. ನೋಡಲು ಅದು ಇಂಗ್ಲಿಷಿನ ಎಕ್ಸ್‌ನಂತೆಯೇ ಇದೆ. ಎರಡನೆಯ ಅಕ್ಷರ 'ರೋ', ನೋಡಲು ಪಿ ಅಕ್ಷರದಂತೆ. ಇವೆರಡನ್ನೂ ಒಂದರ ಮೇಲೊಂದು ಬರೆದರೆ ಕ್ರಿಸ್ತರ ಹೆಸರಿನ ಗುರುತಾಯಿತು. ಕ್ರಿ.ಶ. 312ರಲ್ಲಿ ರೋಮಿನ ಬಳಿ ನಡೆದ ಯುದ್ಧಕ್ಕೆ ಮುಂಚೆ ಚಕ್ರವರ್ತಿ ಕಾನ್‌ಸ್ಟಂಟೈನನು ಕ್ರಿಸ್ತರ ಗುರುತನ್ನು ಸೈನಿಕರ ಗುರಾಣಿಗಳ ಮೇಲೆ ಬರೆಸಿದನೆಂದು ಆ ಕಾಲದ ಬರಹಗಾರರು ಹೇಳುತ್ತಾರೆ. ಇಂದಿಗೂ ಬಲಿಪೀಠದ ಮೇಲೆ, ಪ್ರಸಾದ ಪೆಟ್ಟಿಗೆಯ ಮೇಲೆ, ಗುರುಗಳ ವಸ್ತ್ರದ ಮೇಲೆ ನೀವು ಕಾಣುವುದು ಇದನ್ನೇ.

ಚರ್ಮದ ಹಾಳೆಗಳ ಮೇಲೆ ಕೈಯಿಂದ ಬರೆಯುತ್ತಿದ್ದ ಇಂಗ್ಲೆಂಡಿನ ಲಿಪಿಕಾರರು ಸಾವಿರ ವರ್ಷಗಳ ಹಿಂದೆಯೇ ಕ್ರಿಸ್ತರ ಹೆಸರನ್ನು ಈ ಅಕ್ಷರಗಳಿಂದ ಚಿಕ್ಕದಾಗಿ ಬರೆಯುತ್ತಿದ್ದರು. ಆದ್ದರಿಂದ ಎಕ್ಸ್‌ಮಸ್ ಎಂದರೆ ಕ್ರಿಸ್ತರನ್ನು ಹೊಡೆದುಹಾಕಿದ ಹಬ್ಬವಲ್ಲ. ಕ್ರಿಸ್ತರ ಹೆಸರಿನ ಮೊದಲ ಅಕ್ಷರವನ್ನು ಹೊತ್ತ ಹಬ್ಬ. ಮುಂದಿನ ಪೂಜೆಯಲ್ಲಿ ನಾನು ಆ ಹುಡುಗರ ಕ್ಷಮೆ ಕೇಳಿದೆ. ಬ್ಯಾನರ್ ಮತ್ತೆ ಮೇಲೇರಿತು.

ಕ್ರಿಸ್ತರ ಬಲಿಪೂಜೆ

ಈಗ ಪೂರ್ತಿ ಪದಕ್ಕೆ ಬರೋಣ. ಕನ್ನಡದಲ್ಲಿ ನಾವು ಕ್ರಿಸ್ತಜಯಂತಿ ಎನ್ನುತ್ತೇವೆ, ಅಂದರೆ ಕ್ರಿಸ್ತರ ಹುಟ್ಟುಹಬ್ಬ. ಇಂಗ್ಲಿಷಿನ ಕ್ರಿಸ್ಮಸ್ ಪದದಲ್ಲಿ ಹುಟ್ಟು ಎಂಬ ಮಾತೇ ಇಲ್ಲ. 11ನೇ ಶತಮಾನದ ಹಳೆಯ ಇಂಗ್ಲಿಷ್ ಬರಹಗಳಲ್ಲಿ ಅದು ಎರಡು ಪದ: 'ಕ್ರಿಸ್ತರ' ಮತ್ತು 'ಮಾಸ್'. ಮಾಸ್ ಎಂದರೆ ಬಲಿಪೂಜೆ. ಆ ಜನರಿಗೆ ಈ ಹಬ್ಬವೆಂದರೆ ಮೊದಲಿಗೆ ಆ ರಾತ್ರಿ ಒಟ್ಟಾಗಿ ಸೇರಿ ಅರ್ಪಿಸುವ ಪೂಜೆ. ಊಟ, ಹಾಡು, ಉಡುಗೊರೆ ಎಲ್ಲ ಅದರ ಬೆನ್ನಿಗೆ ಬಂದವು. ಸೆಪ್ಟೆಂಬರ್ 29ರ ಸಂತ ಮಿಕಾಯೇಲರ ಹಬ್ಬಕ್ಕೆ 'ಮಿಕೆಲ್ಮಸ್', ಫೆಬ್ರವರಿ 2ರ ದೀಪಗಳ ಹಬ್ಬಕ್ಕೆ 'ಕ್ಯಾಂಡಲ್ಮಸ್' ಎಂಬ ಹೆಸರುಗಳು ಬಂದದ್ದೂ ಹೀಗೆಯೇ.

ಈ ಮಸ್ ಎಂಬ ಬಾಲವನ್ನು ಕತ್ತರಿಸಲು ಒಮ್ಮೆ ಪ್ರಯತ್ನವೂ ನಡೆಯಿತು. ಪ್ಯೂರಿಟನ್ನರೆಂಬ ಕಟ್ಟುನಿಟ್ಟಿನ ಪಂಥದವರಿಗೆ ಬಲಿಪೂಜೆಯ ಹೆಸರೇ ಬೇಡವಾಗಿತ್ತು. ಅವರಲ್ಲಿ ಹಲವರು 'ಕ್ರೈಸ್ಟ್‌ಟೈಡ್', ಅಂದರೆ ಕ್ರಿಸ್ತರ ಕಾಲ, ಎನ್ನುತ್ತಿದ್ದರು. ಅವರ ಪ್ರಭಾವವಿದ್ದ ಇಂಗ್ಲೆಂಡಿನ ಸಂಸತ್ತು 1647ರಲ್ಲಿ ಹಬ್ಬವನ್ನೇ ರದ್ದು ಮಾಡಿತು. 1660ರಲ್ಲಿ ಅರಸೊತ್ತಿಗೆ ಮರಳಿದಾಗ ಹಬ್ಬವೂ ಮರಳಿತು. ಆದರೆ ಸಾಮಾನ್ಯ ಜನರ ಬಾಯಲ್ಲಿ ಆ ಹಳೆಯ ಪದ ಎಂದೂ ಸತ್ತಿರಲಿಲ್ಲ. ಬಲಿಪೂಜೆಯನ್ನು ಬಿಟ್ಟವರೂ ಬಲಿಪೂಜೆಯ ಹೆಸರನ್ನು ಹೇಳುತ್ತಲೇ ಹಬ್ಬದ ಶುಭಾಶಯ ಕೋರುತ್ತಾ ಬಂದರು.

ಇನ್ನೂ ಒಂದು ಪದರ ಒಳಗಿದೆ. ಮಾಸ್ ಎಂಬುದು ಲತೀನಿನ 'ಮಿಸ್ಸಾ' ಎಂಬುದರಿಂದ ಬಂದದ್ದು. ಪೂಜೆಯ ಕೊನೆಯಲ್ಲಿ ಜನರನ್ನು ಕಳುಹಿಸಿಕೊಡಲು ಹೇಳುತ್ತಿದ್ದ ಮಾತದು. ಕಳುಹಿಸುವುದು ಎಂದೇ ಅದರ ಮೂಲಾರ್ಥ. ಮೊದಲಿಗೆ ಬರೀ ಬೀಳ್ಕೊಡುಗೆಯಾಗಿದ್ದ ಈ ಮಾತು ಕ್ರೈಸ್ತರ ಬಳಕೆಯಲ್ಲಿ ಬರಬರುತ್ತಾ ಪ್ರೇಷಿತಕಾರ್ಯ ಎಂಬ ಆಳವಾದ ಅರ್ಥವನ್ನು ಪಡೆಯಿತೆಂದು ಜಗದ್ಗುರು ಹದಿನಾರನೇ ಬೆನೆಡಿಕ್ಟರು 2007ರಲ್ಲಿ ಪರಮಪ್ರಸಾದವನ್ನು ಕುರಿತ ತಮ್ಮ ಪತ್ರದಲ್ಲಿ ವಿವರಿಸಿದ್ದಾರೆ. ತಂದೆ ತಮ್ಮ ಮಗನನ್ನು ಲೋಕಕ್ಕೆ ಕಳುಹಿಸಿದರು. ಮಗ ನಮ್ಮನ್ನು ಕಳುಹಿಸುತ್ತಾರೆ. ಎಲ್ಲಿಗೆ, ಯಾರ ಬಳಿಗೆ ಎಂಬ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ.

ಸೆರೆಮನೆಯಿಂದ ಬಂದ ಶುಭಾಶಯ

'ಮೆರಿ ಕ್ರಿಸ್ಮಸ್' ಎನ್ನುವಾಗ ಮೆರಿ ಎಂದರೇನು? ಈ ಪದಕ್ಕೆ ಕುಡಿದು ನಲಿಯುವುದು ಎಂಬ ಛಾಯೆಯೂ ಅಂಟಿಕೊಂಡಿದೆ. ಆದರೆ ಈ ಶುಭಾಶಯದ ಅತಿ ಹಳೆಯ ಬಳಕೆಗಳಲ್ಲಿ ಒಂದು ಸಿಗುವುದು ಲಂಡನ್ ಗೋಪುರದ ಸೆರೆಕೋಣೆಯಿಂದ ಬಂದ ಒಂದು ಪತ್ರದಲ್ಲಿ. ಬರೆದವರು ರೋಚೆಸ್ಟರಿನ ಧರ್ಮಾಧ್ಯಕ್ಷ ಜಾನ್ ಫಿಷರ್. ದೊರೆ ಎಂಟನೇ ಹೆನ್ರಿ ತನ್ನ ಹೊಸ ಮದುವೆಗೆ ಒಪ್ಪಿಗೆಯ ಪ್ರಮಾಣ ಮಾಡಿಸುತ್ತಿದ್ದಾಗ ಅದನ್ನು ನಿರಾಕರಿಸಿ 1534ರಲ್ಲಿ ಸೆರೆಯಾದವರು. ಆಗ ಅವರಿಗೆ ಅರವತ್ತು ದಾಟಿತ್ತು.

ಡಿಸೆಂಬರ್ 22ರಂದು ಅವರು ದೊರೆಯ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ಗೆ ಪತ್ರ ಬರೆದರು. ಬಟ್ಟೆಗಳು ಹರಿದಿವೆ, ಮೈಮುಚ್ಚಲು ಅಂಗಿ ಹೊದಿಕೆ ಬೇಕು, ವಯಸ್ಸಾದ ಹೊಟ್ಟೆಗೆ ಒಗ್ಗುವ ಊಟ ಬೇಕು ಎಂದು ಕೇಳಿಕೊಂಡರು. ಜೊತೆಗೆ ಹಬ್ಬಕ್ಕೆ ಮುಂಚೆ ಪಾಪನಿವೇದನೆ ಕೇಳಲು ಒಬ್ಬ ಗುರು, ಧ್ಯಾನಕ್ಕೆ ಕೆಲವು ಪುಸ್ತಕ ಬೇಡಿದರು. ಕೊನೆಗೆ, ತಮ್ಮನ್ನು ಸೆರೆಯಲ್ಲಿಟ್ಟ ಆಡಳಿತದ ಆ ಮಂತ್ರಿಗೇ ಪ್ರಭು ಮೆರಿಯಾದ, ನೆಮ್ಮದಿಯ ಕ್ರಿಸ್ಮಸ್ ಕೊಡಲೆಂದು ಹಾರೈಸಿ ಪತ್ರ ಮುಗಿಸಿದರು. ಮುಂದಿನ ಜೂನ್ 22ರಂದು ಅವರ ತಲೆ ಕಡಿಯಲಾಯಿತು. 1935ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು.

ಚಳಿಯಲ್ಲಿ ನಡುಗುತ್ತಾ, ಸಾವನ್ನು ಎದುರು ನೋಡುತ್ತಾ ಒಬ್ಬರು ಹೀಗೆ ಹಾರೈಸಬಲ್ಲರಾದರೆ, ಮೆರಿ ಎಂಬುದು ಬಾಟಲಿಯಿಂದ ಬರುವ ಗೆಲುವಲ್ಲ. ದೇವರು ಜೊತೆಗಿದ್ದಾರೆಂಬ ನೆಮ್ಮದಿ ಅದು. ಪ್ರಿಯರೇ, ನಮ್ಮ ಕೆಲವು ಮನೆಗಳಲ್ಲಿ ಹೆಂಗಸರು ಮಕ್ಕಳು ಹಬ್ಬದ ರಾತ್ರಿಯನ್ನು ಹೆದರಿಕೆಯಿಂದ ಕಳೆಯುತ್ತಾರೆ. ಗಂಡ ಯಾವ ಸ್ಥಿತಿಯಲ್ಲಿ ಮನೆಗೆ ಬರುತ್ತಾನೋ ಎಂದು ಬಾಗಿಲ ಸದ್ದಿಗೆ ಕಿವಿ ಕೊಟ್ಟು ಕೂರುತ್ತಾರೆ. ಅಂಥ ಮನೆಯ ಗೋಡೆಗೆ ಈ ಶುಭಾಶಯದ ಕಾರ್ಡನ್ನು ಅಂಟಿಸಿ ಏನು ಫಲ?

ನೊವೆಲ್, ಯೂಲ್, ಕ್ಯಾರಲ್

ಹಾಡುಗಳಲ್ಲಿ ಕೇಳುವ 'ನೊವೆಲ್' ಫ್ರೆಂಚರ ಮೂಲಕ ಇಂಗ್ಲಿಷಿಗೆ ಬಂದ ಲತೀನ್ ಮಾತು. ಮೂಲದಲ್ಲಿ 'ನತಾಲಿಸ್', ಹುಟ್ಟಿನ ದಿನ. ಪೋರ್ಚುಗೀಸರು 'ನತಾಲ್' ಎನ್ನುವುದೂ, ಮಂಗಳೂರಿನ ಕೊಂಕಣಿ ಕ್ರೈಸ್ತರು 'ನತಾಲಾಂ' ಎನ್ನುವುದೂ ಇದೇ ಬೇರಿನಿಂದ.

'ಯೂಲ್' ಎಂಬ ಪದದ ಕಥೆ ಬೇರೆ. ಉತ್ತರ ಯೂರೋಪಿನ ಜನರು ಕ್ರೈಸ್ತರಾಗುವುದಕ್ಕೂ ಮುಂಚೆ ಚಳಿಗಾಲದ ನಟ್ಟನಡುವೆ ಆಚರಿಸುತ್ತಿದ್ದ ಹಬ್ಬದ ಹೆಸರು ಅದು. ಸಂತ ಬೀಡರು 725ರಲ್ಲಿ ಬರೆದ ಕಾಲಗಣನೆಯ ಗ್ರಂಥದಲ್ಲಿ ಹಳೆಯ ಇಂಗ್ಲಿಷ್ ತಿಂಗಳ ಹೆಸರಾಗಿ ಇದು ಬರುತ್ತದೆ. ಜನರು ಹಳೆಯ ಹೆಸರನ್ನು ಬಿಡದೆ ಹೊಸ ಹಬ್ಬಕ್ಕೆ ಕೊಟ್ಟರು. ಇದರಲ್ಲಿ ಆಶ್ಚರ್ಯವೇನು? 'ಪೂಜೆ', 'ಜಯಂತಿ', 'ಪ್ರಸಾದ' ಎಂಬ ಮಾತುಗಳನ್ನು ನಾವೂ ಈ ನಾಡಿನ ಬಾಯಿಂದಲೇ ಪಡೆದಿದ್ದೇವೆ. ವಾಕ್ಯವೇ ಮಾನವನಾದ ಹಬ್ಬಕ್ಕೆ ಮನುಷ್ಯರ ಮಾತು ಹೊಂದದೆ ಇರುತ್ತದೆಯೇ?

'ಕ್ಯಾರಲ್' ಎಂದರೆ ಮೊದಲಿಗೆ ಕೈಕೈ ಹಿಡಿದು ಸುತ್ತ ಕುಣಿಯುತ್ತಾ ಹಾಡುವ ಹಾಡು. ಕುಣಿತ ಬಿಟ್ಟುಹೋಯಿತು, ಹಾಡು ಉಳಿಯಿತು. ಸುತ್ತ ಕೈ ಹಿಡಿದು ಹಾಡುವುದೆಂದರೆ ಯಾರನ್ನೂ ಹೊರಗೆ ನಿಲ್ಲಿಸದ ಹಾಡು. ನಮ್ಮ ಕ್ಯಾರಲ್ ತಂಡಗಳು ಕಾಣಿಕೆ ಹೆಚ್ಚು ಸಿಗುವ ಬೀದಿಗಳಿಗೆ ಮಾತ್ರ ಹೋಗುತ್ತಿದ್ದರೆ ಇದನ್ನು ನೆನೆಯಲಿ.

ಗೋದಲಿ ಎಂದರೆ ಊಟದ ತಟ್ಟೆ

ಶುಭಸಂದೇಶದಲ್ಲಿ ಸಂತ ಲೂಕನು ಮೂರು ಸಲ ಹೇಳುವ ಜಾಗ ಗೋದಲಿ. ಇಂಗ್ಲಿಷಿನಲ್ಲಿ ಅದು 'ಮೇಂಜರ್'. ತಿನ್ನುವುದು ಎಂಬ ಅರ್ಥದ ಫ್ರೆಂಚ್ ಪದದಿಂದ ಅದು ಬಂದಿದೆ. ನಮ್ಮಲ್ಲಿ ಗೋದಲಿ ಎಂದರೆ ಈಗ ಬಣ್ಣದ ಕಾಗದ, ಗೊಂಬೆ, ದೀಪಗಳ ಅಲಂಕಾರ ಎಂದಾಗಿಬಿಟ್ಟಿದೆ. ಉತ್ತರ ಕರ್ನಾಟಕದ ರೈತನನ್ನು ಕೇಳಿ. ಗ್ವಾದಲಿ ಎಂದರೆ ದನಗಳಿಗೆ ಮೇವು ಹಾಕುವ ಜಾಗ ಎನ್ನುತ್ತಾನೆ. ಬೆತ್ಲೆಹೇಮ್ ಎಂಬ ಹೀಬ್ರೂ ಹೆಸರಿನ ಅರ್ಥ ರೊಟ್ಟಿಯ ಮನೆ. ಜಗದ್ಗುರು ಮಹಾ ಗ್ರೆಗೊರಿಯವರು ಆರನೇ ಶತಮಾನದ ಕೊನೆಯಲ್ಲಿ ತಮ್ಮ ಕ್ರಿಸ್ಮಸ್ ಪ್ರಬೋಧನೆಯಲ್ಲಿ ಇದನ್ನೇ ಎತ್ತಿ ಹೇಳಿದರು: ಜೀವದ ರೊಟ್ಟಿ ರೊಟ್ಟಿಯ ಮನೆಯಲ್ಲಿ ಹುಟ್ಟಿ, ಮೇವಿನ ತೊಟ್ಟಿಯಲ್ಲಿ ಮಲಗಿತು. ಹಬ್ಬದ ಹೆಸರಿನಲ್ಲಿ ಬಲಿಪೂಜೆ ಇರುವುದಕ್ಕೂ ಕೂಸು ಮೇವಿನ ತೊಟ್ಟಿಯಲ್ಲಿ ಮಲಗಿದ್ದಕ್ಕೂ ಇರುವ ನಂಟು ಇದೇ. ಅವರು ಹುಟ್ಟಿದ್ದು ನಮಗೆ ಆಹಾರವಾಗಲು.

ಹೊಸ ನುಡಿಗಟ್ಟುಗಳು

ಇಂಗ್ಲಿಷಿನ ಹೊಸ ಕಾಲದ ನುಡಿಗಟ್ಟುಗಳನ್ನೂ ನೋಡೋಣ. ಅನಿರೀಕ್ಷಿತವಾಗಿ ಲಾಭ ಬಂದರೆ 'ಕ್ರಿಸ್ಮಸ್ ಮುಂಚೆಯೇ ಬಂತು' ಎನ್ನುತ್ತಾರೆ. ದೀಪಗಳಿಂದ ಝಗಝಗಿಸುವುದನ್ನು 'ಕ್ರಿಸ್ಮಸ್ ಮರದಂತೆ ಬೆಳಗಿತು' ಎನ್ನುತ್ತಾರೆ. ತನಗೇ ಕೇಡು ತರುವುದನ್ನು ತಾನೇ ಬಯಸಿದರೆ 'ಟರ್ಕಿ ಕೋಳಿಗಳು ಕ್ರಿಸ್ಮಸ್ಸಿಗೆ ಮತ ಹಾಕಿದಂತೆ' ಎನ್ನುತ್ತಾರೆ, ಏಕೆಂದರೆ ಅಲ್ಲಿ ಹಬ್ಬದೂಟಕ್ಕೆ ಕೊಯ್ಯುವುದು ಆ ಕೋಳಿಯನ್ನೇ. 1979ರಲ್ಲಿ ಬ್ರಿಟನ್ನಿನ ಪ್ರಧಾನಿ ಜೇಮ್ಸ್ ಕ್ಯಾಲಹನ್ ಸಂಸತ್ತಿನಲ್ಲಿ ಇದನ್ನು ಬಳಸಿ ಎದುರಾಳಿಗಳನ್ನು ಕುಟುಕಿದ್ದರು. ಹಬ್ಬದ ಬಲಿಗೆ ತಂದ ಕುರಿ ತೋರಣದ ತಳಿರನ್ನೇ ಮೇಯುವ ಚಿತ್ರವನ್ನು ಬಸವಣ್ಣನವರು ಎಂಟುನೂರು ವರ್ಷಗಳಿಗೂ ಹಿಂದೆ ಕೊಟ್ಟಿದ್ದಾರೆ.

ಗಮನಿಸಿ, ಈ ಮೂರು ನುಡಿಗಟ್ಟುಗಳಲ್ಲೂ ಕ್ರಿಸ್ಮಸ್ ಎಂದರೆ ಉಡುಗೊರೆ, ದೀಪ, ಮಾಂಸದೂಟ. ಅವುಗಳನ್ನು ಎಷ್ಟು ಬಿಡಿಸಿದರೂ ಒಳಗೆ ಕ್ರಿಸ್ತರು ಸಿಗುವುದಿಲ್ಲ. ನಾನು ಅಂದು ಬ್ಯಾನರಿನ ಮೇಲೆ ತೋರಿದ ಸಿಟ್ಟಿಗೆ ಸರಿಯಾದ ಜಾಗ ಇದಾಗಿತ್ತು. ಕ್ರಿಸ್ತರನ್ನು ಹಬ್ಬದಿಂದ ತೆಗೆಯುವುದು ಒಂದು ಅಕ್ಷರವಲ್ಲ. ಹಬ್ಬವೆಂದರೆ ಇಷ್ಟೇ ಎಂದುಕೊಳ್ಳುವ ನಮ್ಮ ಮನಸ್ಸು.

ಸ್ಕ್ರೂಜ್ ಮತ್ತು ಬಾಕ್ಸಿಂಗ್ ಡೇ

ಜಿಪುಣನನ್ನು ಇಂಗ್ಲಿಷಿನಲ್ಲಿ 'ಸ್ಕ್ರೂಜ್' ಎಂದು ಕರೆಯುವುದುಂಟು. ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಬರೆದ 'ಎ ಕ್ರಿಸ್ಮಸ್ ಕ್ಯಾರಲ್' ಕಥೆಯ ಮುಖ್ಯ ಪಾತ್ರ ಆತ. ತನ್ನ ಗುಮಾಸ್ತನಿಗೆ ಹಬ್ಬದ ಒಂದು ದಿನದ ರಜೆಯನ್ನು ಸಂಬಳ ಸಹಿತ ಕೊಡಲೂ ಗೊಣಗುತ್ತಾನೆ. ರಜೆಗೆ ಇಂಗ್ಲಿಷಿನಲ್ಲಿರುವ 'ಹಾಲಿಡೇ' ಎಂಬ ಮಾತು ಪವಿತ್ರ ದಿನ ಎಂಬುದರಿಂದಲೇ ಬಂದದ್ದು ಎಂಬುದನ್ನು ನೆನೆದರೆ ಅವನ ಗೊಣಗಾಟ ಇನ್ನೂ ಸಣ್ಣದಾಗಿ ಕಾಣುತ್ತದೆ.

ಡಿಸೆಂಬರ್ 26ರಂದು ಮೆಲ್ಬರ್ನಿನಲ್ಲಿ ಆರಂಭವಾಗುವ ಬಾಕ್ಸಿಂಗ್ ಡೇ ಕ್ರಿಕೆಟ್ ಪಂದ್ಯ ನಮ್ಮ ಹುಡುಗರಿಗೆಲ್ಲ ಗೊತ್ತು. "ಅವತ್ತು ಬಾಕ್ಸಿಂಗ್ ಯಾಕೆ ಆಡಲ್ಲ ಫಾದರ್?" ಎಂದು ಜ್ಞಾನೋಪದೇಶದ ತರಗತಿಯಲ್ಲಿ ಒಬ್ಬ ಕೇಳಿದ್ದ. ಇದು ಗುದ್ದಾಟದ ಮಾತಲ್ಲ, ಪೆಟ್ಟಿಗೆಯ ಮಾತು. ವರ್ಷವಿಡೀ ದುಡಿದ ಆಳುಕಾಳುಗಳಿಗೆ, ಅಂಗಡಿಯ ಹುಡುಗರಿಗೆ, ಸಾಮಾನು ತಂದುಕೊಡುವವರಿಗೆ ಹಬ್ಬದ ಸಮಯದಲ್ಲಿ ಕೊಡುತ್ತಿದ್ದ ಹಣ ಅಥವಾ ಉಡುಗೊರೆಗೆ ಇಂಗ್ಲೆಂಡಿನಲ್ಲಿ 'ಕ್ರಿಸ್ಮಸ್ ಬಾಕ್ಸ್' ಎನ್ನುತ್ತಿದ್ದರು. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ 1663ರ ಡಿಸೆಂಬರಿನ ತಮ್ಮ ದಿನಚರಿಯಲ್ಲಿ ಹುಡುಗರ ಪೆಟ್ಟಿಗೆಗೆ ಹಣ ಹಾಕಿದ್ದನ್ನು ಬರೆದಿದ್ದಾರೆ. 1871ರಲ್ಲಿ ಆ ದಿನ ಇಂಗ್ಲೆಂಡಿನಲ್ಲಿ ಸರ್ಕಾರಿ ರಜೆಯಾಯಿತು.

ಧರ್ಮಸಭೆಯ ಪಂಚಾಂಗದಲ್ಲಿ ಅದೇ ದಿನ ಸಂತ ಸ್ತೇಫಾನರ ಹಬ್ಬ. ಅವರು ಮೊದಲ ರಕ್ತಸಾಕ್ಷಿಯಷ್ಟೇ ಅಲ್ಲ. ದಿನದ ಊಟ ಹಂಚುವಾಗ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂಬ ದೂರು ಬಂದಾಗ ಪ್ರೇಷಿತರು ಆರಿಸಿದ ಏಳು ಮಂದಿಯಲ್ಲಿ ಮೊದಲನೆಯವರು. ಹಂಚುವಾಗ ಯಾರು ಬಿಟ್ಟುಹೋದರು ಎಂದು ನೋಡುವುದೇ ಅವರ ಕೆಲಸವಾಗಿತ್ತು. 25ರ ರಾತ್ರಿ ನಾವು ಸುಟ್ಟ ಪಟಾಕಿಯ ಕಾಗದವನ್ನು 26ರ ಬೆಳಗ್ಗೆ ಗುಡಿಸುವ ಪೌರಕಾರ್ಮಿಕರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಕೇಕಿನ ಒಂದು ತುಂಡನ್ನಾದರೂ ಅವರಿಗಾಗಿ ಎತ್ತಿಡೋಣ.

ಬೆತ್ಲೆಹೇಮಿನಿಂದ ಹುಟ್ಟಿದ ಬೆಡ್ಲಮ್

ಕೊನೆಯದಾಗಿ ಒಂದು ನೋವಿನ ಪದ. ಗದ್ದಲ, ಗೊಂದಲ, ಹುಚ್ಚರ ಸಂತೆ ಎನ್ನಲು ಇಂಗ್ಲಿಷಿನಲ್ಲಿ 'ಬೆಡ್ಲಮ್' ಎಂಬ ಮಾತಿದೆ. ಇದು ಬೆತ್ಲೆಹೇಮ್ ಎಂಬ ಹೆಸರೇ, ಜನರ ಬಾಯಲ್ಲಿ ಸವೆದು ಹೀಗಾಗಿದೆ. 1247ರಲ್ಲಿ ಲಂಡನ್ನಿನಲ್ಲಿ ಬೆತ್ಲೆಹೇಮಿನ ಮಾತೆ ಮರಿಯಮ್ಮನವರ ಹೆಸರಿನಲ್ಲಿ ಒಂದು ಮಠ ಸ್ಥಾಪನೆಯಾಯಿತು. ಕಾಲಕ್ರಮೇಣ ಅದು ಆಸ್ಪತ್ರೆಯಾಯಿತು. 1403ರ ಹೊತ್ತಿಗೆ ಅಲ್ಲಿ ಬುದ್ಧಿಭ್ರಮಣೆಯಾದವರು ಇದ್ದರೆಂಬ ದಾಖಲೆಯಿದೆ. 17 ಮತ್ತು 18ನೇ ಶತಮಾನಗಳಲ್ಲಿ ಜನರು ಕಾಸು ಕೊಟ್ಟು ಒಳಗೆ ಹೋಗಿ, ಆ ರೋಗಿಗಳನ್ನು ಮೃಗಾಲಯದ ಪ್ರಾಣಿಗಳನ್ನು ನೋಡಿದಂತೆ ನೋಡಿ ನಗುತ್ತಿದ್ದರು. ಕೆಲವರನ್ನು ಸರಪಳಿಯಲ್ಲಿ ಕಟ್ಟಿಡುತ್ತಿದ್ದರು. ಆ ಆಸ್ಪತ್ರೆ ಈಗಲೂ ಲಂಡನ್ನಿನ ಬೆಕನ್‌ಹ್ಯಾಮ್ ಭಾಗದಲ್ಲಿದೆ. ಮಾನಸಿಕ ರೋಗಗಳಿಗೆ ಆಧುನಿಕ ಚಿಕಿತ್ಸೆ ಕೊಡುತ್ತಿದೆ. ಆದರೆ ಶಾಂತಿಯ ಕೂಸು ಹುಟ್ಟಿದ ಊರಿನ ಹೆಸರು ಭಾಷೆಯಲ್ಲಿ ಹುಚ್ಚಾಟದ ಹೆಸರಾಗಿ ಉಳಿದುಬಿಟ್ಟಿತು.

ಈ ಪದ ನನಗೆ ನಮ್ಮದೇ ಧರ್ಮಕೇಂದ್ರದ ಒಬ್ಬ ತಾಯಿಯನ್ನು ನೆನಪಿಗೆ ತರುತ್ತದೆ. ಬ್ಯಾನರಿನ ಘಟನೆ ನಡೆದ ವರ್ಷವೇ, ನಡುರಾತ್ರಿಯ ಪೂಜೆಗೆ ಆಕೆ ತಮ್ಮ ಮಗನನ್ನು ಕರೆತಂದಿದ್ದರು. ಸುಮಾರು ಮೂವತ್ತರ ಪ್ರಾಯ, ಬಹುಕಾಲದ ಮಾನಸಿಕ ಕಾಯಿಲೆ. ಮಹಿಮಾಗೀತೆಗೆ ಗಂಟೆಗಳು ಮೊಳಗಿದಾಗ ಆತ ಜೋರಾಗಿ ಕೂಗಿಕೊಂಡ. ಜನರೆಲ್ಲ ತಿರುಗಿ ನೋಡಿದರು. ಬಲಿಪೀಠದಿಂದ ನಾನೂ ನೋಡಿದೆ. ನನ್ನ ಮುಖದಲ್ಲಿ ಏನಿತ್ತೋ ಏನೋ, ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮಗನನ್ನು ಹೊರಗೆ ಕರೆದೊಯ್ದರು. ಮುಂದಿನ ಆಗಮನ ಕಾಲದಲ್ಲಿ ಮನೆಭೇಟಿಗೆ ಹೋದಾಗ, "ಹಬ್ಬಕ್ಕೆ ಬರುತ್ತೀರಲ್ಲಮ್ಮ?" ಎಂದೆ. "ಅವನಿಗೆ ಹಬ್ಬ ಇಲ್ಲ ಸ್ವಾಮಿ. ಅವನಿಗೆ ಇಲ್ಲದ ಮೇಲೆ ನನಗೂ ಇಲ್ಲ" ಎಂದರು. ಛತ್ರದಲ್ಲಿ ಅವರಿಗೆ ಸ್ಥಳವಿರಲಿಲ್ಲ ಎಂಬ ವಾಕ್ಯವನ್ನು ನಾನು ಎಷ್ಟು ವರ್ಷ ಓದಿದ್ದೆ! ಬಾಗಿಲು ಮುಚ್ಚಿದ ಛತ್ರದ ಯಜಮಾನ ನಾನೇ ಎಂದು ಅಂದು ತಿಳಿಯಿತು.

ಆ ವಿಷಯವನ್ನು ಯುವಕರಿಗೆ ಹೇಳಿದೆ. ಬ್ಯಾನರ್ ಕಟ್ಟಿದ್ದ ಅದೇ ಹುಡುಗರು. ಗೋದಲಿಯ ಪಕ್ಕದಲ್ಲಿ, ಹೊರಗೆ ಹೋಗಲು ಸುಲಭವಾಗುವಂತೆ, ಬದಿಯ ಬಾಗಿಲಿಗೆ ಹತ್ತಿರವಾಗಿ ಒಂದು ಬೆಂಚು ಹಾಕಿದರು. ಇಬ್ಬರು ಹೋಗಿ ತಾಯಿ ಮಗನನ್ನು ಕರೆತಂದರು, ಜೊತೆಗೇ ಕೂತರು. ಪವಾಡವೇನೂ ನಡೆಯಲಿಲ್ಲ. ಆತ ಆ ರಾತ್ರಿಯೂ ಎರಡು ಸಲ ಕೂಗಿದ. ಒಮ್ಮೆ ಹೊರಗೆ ಕರೆದೊಯ್ದು ಸ್ವಲ್ಪ ಹೊತ್ತು ಅಡ್ಡಾಡಿಸಿ ಮತ್ತೆ ಒಳಗೆ ತಂದರು. ಆದರೆ ಈ ಸಲ ತಾಯಿ ಪೂಜೆ ಮುಗಿಯುವ ತನಕ ಇದ್ದರು, ಪರಮಪ್ರಸಾದ ಸ್ವೀಕರಿಸಿದರು. ಆ ಬೆಂಚು ಇಂದಿಗೂ ಅಲ್ಲೇ ಇದೆ.

ಪ್ರಿಯರೇ, ಎಲ್ಲಿಗೆ ಕಳುಹಿಸಲ್ಪಟ್ಟಿದ್ದೇವೆ ಎಂದು ಮೊದಲಿಗೆ ಕೇಳಿದೆನಲ್ಲ? ಪೂಜೆಯ ಕೊನೆಯ ಆಶೀರ್ವಾದದ ನಂತರ ಗುರು ನಮ್ಮನ್ನು ಬೀಳ್ಕೊಡುವುದು ಬಿರಿಯಾನಿಯ ಕಡೆಗೆ ಮಾತ್ರವಲ್ಲ. ಹಬ್ಬ ಯಾರ ಮನೆಗೆ ಬಂದಿಲ್ಲವೋ ಅವರ ಬಾಗಿಲಿಗೆ. ನಿಮ್ಮ ಬೀದಿಯಲ್ಲಿ ಅಂಥ ಒಂದು ಮನೆ ಇದ್ದೇ ಇರುತ್ತದೆ. ಈ ವರ್ಷ ಪೂಜೆಯಿಂದ ಮರಳುವಾಗ ಮೊದಲು ಆ ಬಾಗಿಲನ್ನು ತಟ್ಟೋಣ. ಆಗ ನಾವು ಹೇಳುವ ಕ್ರಿಸ್ಮಸ್ ಎಂಬ ಮಾತಿಗೆ ಅದರ ಪೂರ್ತಿ ಅರ್ಥ ಬರುತ್ತದೆ.

ಬೆತ್ಲೆಹೇಮಿನ ಬಾಲಯೇಸು ನಿಮ್ಮನ್ನೂ ನಿಮ್ಮ ಕುಟುಂಬಗಳನ್ನೂ ಹರಸಲಿ. ಎಲ್ಲರಿಗೂ ಕ್ರಿಸ್ತಜಯಂತಿ ಹಬ್ಬದ ಶುಭಾಶಯಗಳು.